ತಲೆಯಡಿಯ ಮಣ್ಣು

"ಗುರುಗಳೇ, ಪೇಟೆಯಿಂದ ಎಷ್ಟು ದೂರದಲ್ಲಿ ನೆಲ ಕೊಂಡರೆ ಒಳ್ಳೆಯದು?" ಎಂದು ಬೊಪ್ಪಣ್ಣ ಕೇಳಿದ.

ಅವನು ಪೇಟೆಯವನು. ಬಹಳ ಕಾಲದಿಂದ ಗುರು ಶಾಂತಯ್ಯನವರ ಮಠಕ್ಕೆ ನಡೆದುಕೊಳ್ಳುತ್ತಿದ್ದ. ಆ ದಿನ ಪಂಕ್ತಿಯಲ್ಲಿ ಉಂಡು, ತನ್ನ ಹೊಸ ಮೆಟ್ಟುಗಳನ್ನು ವಲ್ಲಿಯಲ್ಲಿ ಸುತ್ತಿ ತಲೆಯಡಿ ಇಟ್ಟುಕೊಂಡು, ಮಠದ ಜಗಲಿಯ ಮೇಲೆ ಒಂದು ನಿದ್ದೆ ತೆಗೆದು ಎದ್ದಿದ್ದ.

"ಪೇಟೆಗೂ ಮಠಕ್ಕೂ ನಡುವೆ ಒಂದು ತುಂಡು ನೆಲ ಕೊಳ್ಳೋಣ ಅಂತ. ಹಗಲು ಪೇಟೆಯ ಕೆಲಸ, ಸಂಜೆ ತಮ್ಮ ಪಾದ. ತೀರ ಹತ್ತಿರವಾದರೆ ಮನಸ್ಸು ನಿಲ್ಲದು, ತೀರ ದೂರವಾದರೆ ಹೊಟ್ಟೆ ತುಂಬದು. ತಾವೇ ಒಂದು ಅಳತೆ ಹೇಳಬೇಕು."

ಗುರುಗಳು ಅಳತೆ ಹೇಳಲಿಲ್ಲ. ಒಂದು ಕತೆ ಹೇಳಿದರು.

ಕೋಟೆಯೊಳಗಿನ ಒಂದು ಪಟ್ಟಣದಲ್ಲಿ ಒಬ್ಬ ಜವಳಿ ವರ್ತಕನಿದ್ದ. ಅವನ ಹೆಂಡತಿ ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಬರುವಾಗ ತವರಿನ ಅವರೆಯ ಬೀಜವನ್ನು ಬೂದಿಯಲ್ಲಿ ಬೆರೆಸಿ, ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಅವಳ ತಾಯಿ, ಅಜ್ಜಿ, ಅಜ್ಜಿಯ ತಾಯಿ ಕೈಬಿಡದೆ ಬಿತ್ತಿಕೊಂಡು ಬಂದ ಬೀಜ ಅದು. ತವರಿನಲ್ಲಿ ಈಗ ಯಾರೂ ಉಳಿದಿರಲಿಲ್ಲ. ಆ ಬೀಜ ಅವಳಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಇದಕ್ಕೊಂದು ನೆಲ ಮಾಡಿಕೊಡಿ ಎಂದು ಕೇಳಿದ್ದಳು. ಆಗಲಿ ಎಂದಿದ್ದ ವರ್ತಕ. ಅವನೇನೂ ಬಾಯಿಮಾತಿಗೆ ಹಾಗೆ ಅಂದವನಲ್ಲ. ಹೆಂಡತಿಯ ಮೇಲೆ ಪ್ರೀತಿಯಿತ್ತು, ನೆಲದ ಮೇಲೆ ಆಸೆಯೂ ಇತ್ತು. ಗಿರಾಕಿಯಿಲ್ಲದ ಹೊತ್ತಿನಲ್ಲಿ ಅಂಗಡಿಯಲ್ಲಿ ಕೂತು ಕಣ್ಣು ಮುಚ್ಚಿದರೆ ಅವನಿಗೆ ಹಸಿರು ಕಾಣುತ್ತಿತ್ತು.

ಆದರೆ ಎಲ್ಲೆಂದರಲ್ಲಿ ನೆಲವಾದರೆ ಅವನಿಗೆ ಒಗ್ಗುತ್ತಿರಲಿಲ್ಲ. ಅದು ಪಟ್ಟಣದ ಮೂಡಲಿಗೇ ಇರಬೇಕು. ಹಾಗಿದ್ದರೆ ಬೆಳಗ್ಗೆ ಅಂಗಡಿಗೆ ಬರುವಾಗಲೂ ಸಂಜೆ ಮರಳುವಾಗಲೂ ಬಿಸಿಲು ಬೆನ್ನಿಗೆ ಬೀಳುತ್ತದೆ. ನಡುವೆ ಹೊಳೆ ಇರಬಾರದು. ಮಳೆಗಾಲದಲ್ಲಿ ಹರಿಗೋಲಿನವನ ಮುಖ ನೋಡುತ್ತ ದಡದಲ್ಲಿ ನಿಲ್ಲುವವರು ಯಾರು? ಕೋಟೆಯ ನಗಾರಿ ಕೇಳಿಸಬೇಕು, ಪೇಟೆಯ ಗದ್ದಲ ಮಾತ್ರ ಕೇಳಿಸಬಾರದು. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂದ ಹಾಗೆ.

ಇಷ್ಟೆಲ್ಲ ಕೂಡಿಬಂದ ನೆಲಗಳೂ ಸಿಕ್ಕವು. ಆದರೆ ಕಡೆಯ ಪರೀಕ್ಷೆಯೊಂದು ಉಳಿಯುತ್ತಿತ್ತು. ಆ ಸೀಮೆಯಲ್ಲಿ ನೆಲವನ್ನು ಮನುಷ್ಯ ಒಪ್ಪಿದರೆ ಸಾಲದು, ಮನುಷ್ಯನನ್ನು ನೆಲವೂ ಒಪ್ಪಬೇಕು. ಕೊಳ್ಳುವವನು ಆ ಹೊಲದ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ ತಲೆದಿಂಬು ಮಾಡಿಕೊಂಡು, ಆ ಹೊಲದ ನೆರಳಿನಲ್ಲಿಯೇ ಒಂದು ಮಧ್ಯಾಹ್ನ ಮಲಗಬೇಕು. ಹೊಲ ಕನಸಿನಲ್ಲಿ ಬಂದರೆ ಅದು ಒಪ್ಪಿತೆಂದು ತಿಳಿಯುವುದು. ಬಾರದಿದ್ದರೆ ಕೈಮುಗಿದು ಎದ್ದು ಬರುವುದು.

ವರ್ತಕ ಮಣ್ಣಿನ ಗಂಟು ಕಟ್ಟಿ ಮಲಗಿದ. ಅಂಗಡಿಯ ಬೀಗದಕೈಯನ್ನು ಆ ಗಂಟಿನ ಕೆಳಗೆ ಇಟ್ಟುಕೊಂಡ. ಮನೆಯಲ್ಲಿಯೂ ಅವನು ಮಲಗುತ್ತಿದ್ದುದು ಹಾಗೆಯೇ. ಅದು ತಲೆಯಡಿ ಇಲ್ಲದಿದ್ದರೆ ಅವನಿಗೆ ಕಣ್ಣು ಹತ್ತುತ್ತಿರಲಿಲ್ಲ. ಮೊದಲ ಹೊಲದಲ್ಲಿ ಅವನಿಗೆ ಅಂಗಡಿಯ ಬಾಗಿಲು ಕನಸಾಯಿತು. ಎರಡನೆಯದರಲ್ಲಿ ಗಿರಾಕಿಗಳು ಬಂದು ಜಗಳಕ್ಕೆ ನಿಂತರು. ಮತ್ತೊಂದರಲ್ಲಿ ಇಲಿಯೊಂದು ರೇಷ್ಮೆ ಸೀರೆ ಕಡಿಯಿತು. ಎದ್ದು ಕೂತು, ನಿಟ್ಟುಸಿರುಬಿಟ್ಟು, ಈ ನೆಲ ಒಪ್ಪಲಿಲ್ಲ ಎಂದುಕೊಂಡು ಬಂಡಿ ಹೂಡುತ್ತಿದ್ದ.

ತಲೆಗೊಟ್ಟು ಮಲಗಿದ ಮಣ್ಣನ್ನು ದಾರಿಯಲ್ಲಿ ಚೆಲ್ಲಬಾರದೆಂದು ರೂಢಿ. ಹಾಗಾಗಿ ಗಂಟು ಪ್ರತಿ ಸಲವೂ ಮನೆಗೆ ಬರುತ್ತಿತ್ತು. ಹೊಲ ಎಲ್ಲಿತ್ತು, ಹೇಗಿತ್ತು, ಯಾವ ಮರದಡಿ ಮಲಗಿದೆ ಎಂಬುದನ್ನೆಲ್ಲ ವರ್ತಕ ಉಣ್ಣುತ್ತ ಹೇಳುತ್ತಿದ್ದ. ಹೆಂಡತಿ ಕೇಳುತ್ತ, ಆ ಮಣ್ಣನ್ನು ಒಡಕು ಮಡಕೆಯೊಂದಕ್ಕೆ ತುಂಬಿ ಮಾಳಿಗೆಯ ಮೇಲಿಟ್ಟು, ಅವರೆ ಊರುತ್ತಿದ್ದಳು. ಬೀಜವನ್ನು ಉಳಿಸಿಕೊಳ್ಳಬೇಕಲ್ಲ.

ವರ್ಷಗಳು ಹೋದವು. ಬೇಡವೆಂದ ಹೊಲಗಳೆಲ್ಲ ಮಾಳಿಗೆಯ ಮೇಲೆ ಬಂದು ಕೂತವು. ಸಂಜೆಯ ತಂಪಿನಲ್ಲಿ ವರ್ತಕ ಅವುಗಳ ನಡುವೆ ಅಡ್ಡಾಡುತ್ತಿದ್ದ. ತನ್ನದೇ ಹೊಲದ ಬದುವಿನ ಮೇಲೆ ನಡೆಯುತ್ತಿರುವಂತೆ ಅವನಿಗೆ ಅನಿಸುತ್ತಿತ್ತು. ಅದರಲ್ಲಿ ಅವನಿಗೆ ಎಷ್ಟು ಸುಖವಿತ್ತೆಂದರೆ, ಬೀಜ ಕಡಿಮೆಯಾಗುತ್ತ ಬಂದುದು ಅವನ ಗಮನಕ್ಕೇ ಬರಲಿಲ್ಲ. ಮಡಕೆಯಲ್ಲಿ ಬಳ್ಳಿ ಎಷ್ಟೆಂದು ಹಬ್ಬೀತು? ಒಂದು ವರ್ಷ, ಮೊಟ್ಟಮೊದಲ ಹೊಲದ ಮಣ್ಣಿದ್ದ ಮಡಕೆಯೊಂದನ್ನು ಬಿಟ್ಟು ಉಳಿದವು ಯಾವುವೂ ಕಾಯಿ ಕಚ್ಚಲಿಲ್ಲ. ಬಂದ ಬೀಜ ಒಂದು ಹಿಡಿಯೂ ಆಗಲಿಲ್ಲ. ಹೆಂಡತಿ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

"ಇವತ್ತು ನಾನೂ ಬರ್ತೀನಿ. ನಾನು ಹೇಳಿದ ಕಡೆ ಬಂಡಿ ಹೊಡೀರಿ" ಎಂದಳು.

ಕೆರೆಯ ಏರಿ ದಾಟಿ, ಹೊಂಗೆಮರವಿದ್ದ ಒಂದು ಹೊಲದ ಬಳಿ ಬಂಡಿ ನಿಲ್ಲಿಸಿದಳು. ವರ್ತಕನಿಗೆ ಗುರುತು ಹತ್ತಲಿಲ್ಲ. ನೋಡಿದ ಹೊಲಗಳೆಲ್ಲ ಅವನ ತಲೆಯಲ್ಲಿ ಕಲೆಸಿಹೋಗಿದ್ದವು. ದೂರದ ಮೂಲೆಯಲ್ಲೊಂದು ಗುಡಿಸಲಿತ್ತು. ಬದುವಿನ ಮೇಲೆ ಒಬ್ಬ ಮುದುಕ ರೈತ ಹುಲ್ಲು ಕೊಯ್ಯುತ್ತಿದ್ದ. ಮರದಡಿ ಮಲಗಬಹುದೇ ಎಂದು ಕೇಳಿದರೆ, ನೆರಳಿಗೆ ಯಾರ ಅಪ್ಪಣೆ ಎಂದು ನಕ್ಕ.

ವರ್ತಕನಿಗೆ ಕಣ್ಣು ಹತ್ತಿತು. ಹೆಂಡತಿ ಮಣ್ಣಿನ ಗಂಟಿನ ಕೆಳಗೆ ಮೆಲ್ಲನೆ ಕೈಹಾಕಿ ಬೀಗದಕೈಯನ್ನು ತೆಗೆದುಕೊಂಡಳು.

ಅವನಿಗೆ ನೆಲದೊಳಗೆಲ್ಲೋ ನೀರು ಹರಿಯುವ ಸದ್ದು ಕೇಳಿಸಿತು. ತಾನು ಮನುಷ್ಯನೋ ಬೀಜವೋ ತಿಳಿಯಲಿಲ್ಲ. ಮೇಲೆ ಯಾರೋ ಓಡಾಡುತ್ತಿದ್ದರು. ಅದು ಹೆಂಡತಿಯ ಹೆಜ್ಜೆ ಎಂದು ಗೊತ್ತಾಯಿತು. ಅವನ ಮೈಯಿಂದ ಒಂದು ಬಳ್ಳಿ ಹೊರಟು, ಬೆಳಕಿನ ಕಡೆಗೆ ಹೋಗಿ, ಬೇಲಿಯ ತುಂಬ ಬಿಳಿಯ ಹೂವಾಯಿತು. ಹೂವಿಗೆ ಎಲ್ಲಿಗೂ ಹೋಗುವ ಅವಸರವಿರಲಿಲ್ಲ. ಅವನಿಗೂ ಇರಲಿಲ್ಲ.

ಎಚ್ಚರವಾದಾಗ ಹೊತ್ತು ಇಳಿದಿತ್ತು. ಅಷ್ಟು ಹೊತ್ತು ಅವನು ಎಂದೂ ಮಲಗಿದವನಲ್ಲ. ಕಣ್ಣು ಒದ್ದೆಯಾಗಿತ್ತು. "ಒಪ್ಪಿತು ಕಣೇ! ಇದೇ ನಮ್ಮ ನೆಲ!" ಎಂದ.

"ನೀವು ಮೊಟ್ಟಮೊದಲು ಬೇಡ ಅಂದ ಹೊಲಾನೇ ಇದು ಕಣ್ರೀ" ಎಂದು ಹೆಂಡತಿ ಅಂಗೈ ಬಿಚ್ಚಿದಳು. ಬೀಗದಕೈ ಅಲ್ಲಿತ್ತು.

ವರ್ತಕನಿಗೆ ನಾಚಿಕೆಯಾಯಿತು. ಆದರೆ ಸಂತೋಷ ಅದಕ್ಕಿಂತ ದೊಡ್ಡದಿತ್ತು. ರೈತನ ಬಳಿಗೆ ಹೋಗಿ, ಈ ಹೊಲ ನಮಗೆ ಬೇಕು ಎಂದ.

"ಹೋದ ಸುಗ್ಗೀಲೇ ಕೊಟ್ಬಿಟ್ಟೆನಲ್ಲ ಸೆಟ್ರೇ" ಎಂದು ರೈತ ಗುಡಿಸಲಿನ ಕಡೆ ಕೈ ತೋರಿಸಿದ. "ಅವರು ಮಲಗಿ ನೋಡ್ಲೇ ಇಲ್ಲ. ಬಂದವರೇ ಮೂರು ಕಲ್ಲಿಟ್ಟು ಒಲೆ ಹಚ್ಚಿದ್ರು."

ಹೆಂಡತಿಗೂ ಈ ಸಂಗತಿ ಗೊತ್ತಿರಲಿಲ್ಲ. ಅವಳ ಮುಖ ಬಾಡಿತು. ಅವಳಿಗೆ ಏನಾದರೂ ಹೇಳಬೇಕೆಂದು ವರ್ತಕ ಬಾಯಿ ತೆರೆದ. ಅಷ್ಟರಲ್ಲಿ ದೂರದಿಂದ ಕೋಟೆಯ ನಗಾರಿ ಕೇಳಿಸಿತು, ಬಾಗಿಲು ಮುಚ್ಚುವ ಹೊತ್ತು ಹತ್ತಿರವಾಯಿತೆಂದು. ವರ್ತಕನ ಕೈ ತಾನಾಗಿ ಬೀಗದಕೈಯ ಕಡೆಗೆ ಚಾಚಿತು. ಚಾಚಿದ್ದು ಅವನಿಗೇ ಕಂಡಿತು. ಆದರೂ ಹಿಂದಕ್ಕೆ ಎಳೆದುಕೊಳ್ಳಲು ಆಗಲಿಲ್ಲ.

ಹೆಂಡತಿ ಅದನ್ನು ಅವನ ಕೈಯಲ್ಲಿಟ್ಟಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಬೇರೆಯವರ ಪಾಲಾಗಿದ್ದ ಆ ಹೊಲದ ಬೇಲಿಯುದ್ದಕ್ಕೂ ಬೆರಳಿನಿಂದ ಗುಳಿ ಮಾಡುತ್ತ, ತವರಿನ ಅವರೆಯನ್ನೆಲ್ಲ ಊರಿದಳು. ಒಂದು ಕಾಳನ್ನೂ ಮನೆಗೆಂದು ಉಳಿಸಿಕೊಳ್ಳಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಪಾಪ! ಆಮೇಲೆ ಅವನಿಗೆ ನೆಲ ಸಿಕ್ಕಿತೇ ಗುರುಗಳೇ? ಎಷ್ಟು ದೂರದಲ್ಲಿ?"

"ಅದಿರಲಿ ಬೊಪ್ಪಣ್ಣ, ಈಗ ಜಗಲಿಯ ಮೇಲೆ ಮಲಗಿದ್ದೆಯಲ್ಲ, ತಲೆಯಡಿ ಏನಿತ್ತು?"