ಹಿಂಬಾಗಿಲ ಆಮೆಯೂ ಬಿಲದ ಕುಲದ ನರಿಯೂ

ಒಂದು ಕಾಡಿನಲ್ಲಿ, ಹೊಂಗೆ ಮರಗಳ ನಡುವೆ, ತಣ್ಣನೆಯ ಒಂದು ಮಡು ಇತ್ತು. ಆ ಮಡುವಿನಲ್ಲಿ ಮೆತ್ತವ್ವ ಅಂತ ಒಬ್ಬಳು ಆಮೆ ಇದ್ದಳು. ಬೇರೆ ಆಮೆಗಳ ಬೆನ್ನು ಕಲ್ಲಿನ ಹಾಗೆ ಗಟ್ಟಿ. ಇವಳ ಬೆನ್ನು ಮಾತ್ರ ನೆನೆದ ತೊಗಲಿನ ಹಾಗೆ ಮೆತ್ತಗೆ, ನುಣ್ಣಗೆ. ಅದಕ್ಕೇ ಆ ಹೆಸರು. ಅವಳಿಗೆ ಇನ್ನೊಂದು ಸೋಜಿಗವೂ ಇತ್ತು. ಹೊಟ್ಟೆಯ ಅಡಿಯಲ್ಲಿ, ಹಿಂಗಾಲುಗಳ ಹತ್ತಿರ, ಎರಡು ತೊಗಲಿನ ಕದ! ಹೆದರಿಕೆಯಾದಾಗ ಕಾಲನ್ನು ಒಳಗೆಳೆದುಕೊಂಡು ಕದ ಮುಚ್ಚಿದಳು ಅಂದರೆ ಮುಗೀತು. ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ಅಂತ ಗಾಳಿಗೂ ತಿಳಿಯುತ್ತಿರಲಿಲ್ಲ.

ಆ ವರ್ಷ ಮೆತ್ತವ್ವ ದಡ ಹತ್ತಿ, ಗುಳಿ ತೆಗೆದು, ಮೊಟ್ಟೆ ಇಟ್ಟಿದ್ದಳು. ಮೇಲೆ ಮಣ್ಣೆಳೆದು, ಹೊಟ್ಟೆಯಿಂದಲೇ ಉಜ್ಜಿ ಉಜ್ಜಿ, ಸಾರಿಸಿದ ನೆಲದ ಹಾಗೆ ನುಣುಪು ಮಾಡಿದ್ದಳು. ಮೊದಲ ಮಳೆ ಬಿದ್ದರೆ ಮರಿಗಳು ಹೊರಗೆ ಬರುತ್ತವೆ, ಗುಡುಗುಡು ಅಂತ ನೀರಿಗೆ ಓಡಿ ಬರುತ್ತವೆ, ಅಂತ ದಿನವೂ ಮೋಡ ನೋಡುತ್ತಿದ್ದಳು.

ಅವಳು ಹೊಟ್ಟೆಗೆ ಮಣ್ಣು ಮೆತ್ತಿಕೊಂಡು ನೀರಿಗೆ ಇಳಿದದ್ದನ್ನು ಒಬ್ಬ ನೋಡಿಬಿಟ್ಟಿದ್ದ. ಅವನೇ ನರಿ ಕೆಂಚಪ್ಪ. "ಆಹಾ, ಎಲ್ಲೋ ಮೊಟ್ಟೆ ಇಟ್ಟಿದ್ದಾಳೆ!" ಅಂತ ಅವನ ನಾಲಿಗೆ ಮೊಳದುದ್ದ ಬಂತು. ದಡವನ್ನೆಲ್ಲ ಮೂಸಿದ. ಇಲ್ಲಿ ಕೆರೆದ, ಅಲ್ಲಿ ಕೆರೆದ. ಒಂದು ಕಡೆ ಕಲ್ಲು ಸಿಕ್ಕಿತು. ಇನ್ನೊಂದು ಕಡೆ ಮುಳ್ಳು ಚುಚ್ಚಿತು. ಮೊಟ್ಟೆ ಮಾತ್ರ ಸಿಗಲಿಲ್ಲ. ಮೂಗಿಗೆ ಮಣ್ಣು ತುಂಬಿಕೊಂಡು "ಆಕ್ಷೀ!" ಅಂತ ಸೀನಿ, ಕೂತು ಯೋಚನೆ ಮಾಡಿದ.

ಮಾರನೆಯ ಬೆಳಿಗ್ಗೆ ಮಡುವಿನ ಬಂಡೆಯ ಮೇಲೆ ಕೆಂಚಪ್ಪ ಹಾಜರ್! ತಲೆಗೆ ಮುತ್ತುಗದ ಎಲೆಯ ಪೇಟ. ಹಣೆಗೆ ಉದ್ದಕ್ಕೆ ಬೂದಿ. ಬಾಲವನ್ನು ಹೆಗಲ ಮೇಲೆ ಶಲ್ಯದ ಹಾಗೆ ಹಾಕಿಕೊಂಡಿದ್ದ.

"ಕೇಳ್ರಪ್ಪೋ ಕೇಳಿ! ಕುಲ ಬಿಡಿಸಿ ಹೇಳೋನು ಬಂದಿದ್ದೀನಿ. ಬೇಸಿಗೆ ಬಂತು, ಮಡು ಇಳೀತಾ ಇದೆ. ನಾಳೆ ಜಾಗಕ್ಕೆ ಜಗಳ ಆಗಬಾರದು ಅಂದ್ರೆ ಯಾರು ಯಾವ ಕುಲ ಅಂತ ಇವತ್ತೇ ತಿಳೀಬೇಕು. ಕುಲ ಇದ್ದೋರಿಗೆ ಮಡುವಿನಲ್ಲಿ ಜಾಗ. ಕುಲ ಇಲ್ಲದೋರು ದಡಕ್ಕೆ!"

"ಹೇಗಪ್ಪಾ ಹೇಳ್ತೀಯ?" ಅಂತ ಕೇಳಿದಳು ಕಪ್ಪೆ ವಟರವ್ವ. ಅವಳು ಮೆತ್ತವ್ವನ ಗೆಳತಿ.

"ಅದೇನು ಮಹಾ! ಒಬ್ಬರಿಗೆ ಒಂದು ಗುರುತು. ಆ ಗುರುತು ಸಿಕ್ಕಿತೋ, ಕುಲ ಸಿಕ್ಕಿತು. ಎರಡನೇ ಗುರುತು ನೋಡೋದೇ ಬೇಡ!"

ಮಡುವಿಗೆ ಮಡುವೇ ಕುಣಿದಾಡಿತು. ಇಷ್ಟು ದಿನ ತಮಗೊಂದು ಕುಲ ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ ನೋಡಿ! ನಾ ಮುಂದು ತಾ ಮುಂದು ಅಂತ ನೂಕಾಡಿಕೊಂಡು ಬಂದರು.

ಮೀನುಗಳನ್ನು ನೋಡಿ ಕೆಂಚಪ್ಪ, "ರೆಕ್ಕೆ ಇದೆ. ರೆಕ್ಕೆ ಕುಲ!" ಅಂದ. ತಕ್ಷಣ ಕೊಂಬೆಯ ಮೇಲಿದ್ದ ಮಿಂಚುಳ್ಳಿ, "ನನಗೂ ರೆಕ್ಕೆ ಇದೆ! ಅಯ್ಯೋ ಮೀನಣ್ಣಾ, ನಾವು ನೆಂಟರಂತೆ! ಇನ್ಮೇಲೆ ದಿನಾ ಊಟಕ್ಕೆ ಬರ್ತೀನಿ!" ಅಂದಿತು. ಮೀನುಗಳ ಮುಖ ಬೆಳ್ಳಗಾಯಿತು.

ಕಪ್ಪೆಗಳನ್ನು ನೋಡಿ, "ನೆಗೀತೀರಿ. ನೆಗೆಯೋ ಕುಲ!" ಅಂದ. ಒಂದು ಮಿಡತೆ ಪುಟಪುಟ ನೆಗೆಯುತ್ತಾ ಬಂದು, "ದೊಡ್ಡಮ್ಮಾ, ನಾನೂ ನೆಗೆಯೋ ಕುಲ!" ಅಂತ ವಟರವ್ವನ ಕಾಲಿಗೆ ಬಿತ್ತು. ವಟರವ್ವ ಯೋಚನೆ ಮಾಡುವ ಮೊದಲೇ ಅವಳ ನಾಲಿಗೆ ತನ್ನ ಕೆಲಸ ಮಾಡಿ ಮುಗಿಸಿತ್ತು. ಗುಳುಂ! "ಅಯ್ಯಯ್ಯೋ, ನೆಂಟನನ್ನೇ ನುಂಗಿಬಿಟ್ನಲ್ಲೇ!" ಅಂತ ಕೆಮ್ಮಿ ಕ್ಯಾಕರಿಸಿ, ಅಂತೂ ಮಿಡತೆಯನ್ನು ಹೊರಗೆ ಹಾಕಿದಳು. ಅದು ಒದ್ದೆಮುದ್ದೆಯಾಗಿ, "ಬರ್ತೀನಿ ದೊಡ್ಡಮ್ಮಾ" ಅಂತ ಹೋದದ್ದು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಏಡಿಗಳು ಬಂದವು. ಅವುಗಳ ಯಜಮಾನ ಕತ್ರಿಯಪ್ಪ. ಕೆಂಚಪ್ಪ ಅವನನ್ನು ನೋಡಿದವನೇ, "ಬಿಲ ತೋಡ್ಕೊಂಡು ಬಾಳ್ತೀರಿ. ಬಿಲದ ಕುಲ! ಬಿಲದಲ್ಲಿ ಇರೋರೆಲ್ಲ ನಿಮ್ಮೋರೇ!" ಅಂದ.

ಕತ್ರಿಯಪ್ಪನಿಗೆ ಸಂತೋಷ ಉಕ್ಕಿ ಬಾಯಲ್ಲಿ ನೊರೆ ಬಂತು. ಏಡಿಗಳ ಮನೆಯಲ್ಲಿ ಒಂದು ವಾಡಿಕೆ. ನೆಂಟರು ಸಿಕ್ಕರೆ ಸುಮ್ಮನೆ ಮಾತಾಡಿಸುವ ಹಾಗಿಲ್ಲ. ಕೊಂಡಿ ಹಾಕಿ ಗಟ್ಟಿಯಾಗಿ ಅಪ್ಪಿಕೊಳ್ಳಬೇಕು. ಅಪ್ಪಿಕೊಂಡ ಮೇಲೆ ಬಿಲಕ್ಕೆ ಎಳೆದುಕೊಂಡು ಹೋಗಿ ಕೆಸರು ಬಡಿಸಬೇಕು. ಬೇಡ ಅಂದಷ್ಟೂ ಬಿಗಿ ಹಿಡಿಯಬೇಕು, ಯಾಕೆ ಅಂದರೆ ಮರ್ಯಾದಸ್ಥ ನೆಂಟ ಮೊದಲು ಬೇಡ ಅಂತಲೇ ಹೇಳುವುದು! ದಾರಿಯಲ್ಲಿ ಹೋಗುತ್ತಿದ್ದ ಒಂದು ಹೆಗ್ಗಣ ಅವತ್ತು ಆ ಉಪಚಾರಕ್ಕೆ ಸಿಕ್ಕಿತು. ಬಾಲಕ್ಕೆ ಎಂಟು ಹತ್ತು ಏಡಿ ಜೋತುಬಿದ್ದು, "ಊಟ ಮಾಡ್ಕೊಂಡು ಹೋಗೋ ಮಾವ!" ಅಂತ ಎಳೆದವು. ಹೆಗ್ಗಣ ಹೇಗೋ ಬಿಡಿಸಿಕೊಂಡು ಪರಾರಿ!

ಈ ಗಲಾಟೆಯನ್ನೆಲ್ಲ ನೋಡಿ ನಕ್ಕೂ ನಕ್ಕೂ ಮೆತ್ತವ್ವನ ಹೊಟ್ಟೆ ನೋಯುತ್ತಿತ್ತು. ಅಷ್ಟರಲ್ಲಿ ಅವಳ ಸರದಿ ಬಂತು, ಬಂಡೆ ಹತ್ತಿದಳು.

ಕೆಂಚಪ್ಪ ಅವಳನ್ನು ಒಂದು ಸುತ್ತು ಸುತ್ತಿದ. "ಹೂಂ... ರೆಕ್ಕೆ ಇಲ್ಲ. ನೆಗೆಯೋಕೆ ಬರಲ್ಲ. ಬಿಲ ಇಲ್ಲ. ಬೆನ್ನು ನೋಡಿದರೆ ಆಮೆ ಬೆನ್ನಿನ ಹಾಗೂ ಇಲ್ಲ, ನೆನೆಹಾಕಿದ ಚಕ್ಕಳ! ಅಯ್ಯೋ ಪಾಪ. ನಿನಗೆ ಕುಲವೇ ಇಲ್ಲವಲ್ಲ ತಾಯೀ! ಸಂಜೆಯೊಳಗೆ ಮಡು ಬಿಡಬೇಕು."

ಮೆತ್ತವ್ವನ ನಗು ಅಲ್ಲಿಗೇ ನಿಂತಿತು. ಮಡು ಬಿಟ್ಟು ಎಲ್ಲಿಗೆ ಹೋಗುವುದು? ಮರಿಗಳು ಬಂದು ನೀರಿಗಿಳಿದರೆ ಅವನ್ನು ಇಲ್ಲಿ ಇರಗೊಡುವವರು ಯಾರು? ಕುಲವಿಲ್ಲದವಳ ಮಕ್ಕಳು ಅಂತ ಅವನ್ನೂ ದಡಕ್ಕೆ ಅಟ್ಟಿದರೆ?

"ಅಳಬೇಡ, ಅಳಬೇಡ," ಅಂತ ಕೆಂಚಪ್ಪ ದನಿ ಬೆಣ್ಣೆ ಮಾಡಿದ. "ಒಂದು ದಾರಿ ಇದೆ. ಮೊಟ್ಟೆ ಸುಳ್ಳು ಹೇಳಲ್ಲ. ನಿನ್ನ ಮೊಟ್ಟೆ ಒಂದ್ಸಲ ತೋರಿಸಿಬಿಡು. ದುಂಡಗಿದೆಯೋ ಉದ್ದಗಿದೆಯೋ ನೋಡಿ ಥಟ್ ಅಂತ ಕುಲ ಹೇಳಿಬಿಡ್ತೀನಿ."

"ತೋರ್ಸೇ ಮೆತ್ತವ್ವ," ಅಂದಳು ವಟರವ್ವ. "ಅದರಲ್ಲೇನು ನಾಚಿಕೆ? ನಮ್ಮದೆಲ್ಲ ನೀರಿನ ಮೇಲೇ ತೇಲ್ತಾ ಇರುತ್ತೆ, ನೋಡೋರು ನೋಡ್ಲಿ."

"ತೋರ್ಸು, ತೋರ್ಸು!" ಅಂತ ಮಡುವೆಲ್ಲ ಕೂಗಿತು.

ಮೆತ್ತವ್ವ ಮೆಲ್ಲಗೆ ಕತ್ತು ಚಾಚಿ ಕೆಂಚಪ್ಪನನ್ನು ನೋಡಿದಳು. ಪೇಟ ಚೆನ್ನಾಗಿತ್ತು. ಬೂದಿ ಚೆನ್ನಾಗಿತ್ತು. ಆದರೆ ಮೊಟ್ಟೆ ಅನ್ನುವ ಮಾತು ಬಂದಾಗಲೆಲ್ಲ ಅವನ ಬಾಯಿಂದ ಜೊಲ್ಲು ತೊಟ್ಟಿಕ್ಕಿ ಬಂಡೆ ಒದ್ದೆಯಾಗುತ್ತಿತ್ತು. ಉಗುರಿನ ಸಂದಿಯಲ್ಲಿ ದಡದ ಕೆಂಪು ಮಣ್ಣು ಇನ್ನೂ ಹಾಗೇ ಇತ್ತು. 'ಓಹೋ! ದಡವೆಲ್ಲ ಕೆರೆದು ಸಾಕಾಗಿ ಬಂದವನು ನೀನೇನೋ!' ಅಂದುಕೊಂಡಳು. ಆದರೂ ಮುಖದಲ್ಲಿ ತೋರಗೊಡಲಿಲ್ಲ.

"ಆಗಲಿ ಅಣ್ಣಾ, ತೋರಿಸ್ತೀನಿ," ಅಂದಳು. "ಆದ್ರೆ ಬಾಣಂತಿ ಮನೆಗೆ ಬರೋರು ಯಾರು, ಎತ್ತ ಅಂತ ವಿಚಾರಿಸೋದು ನಮ್ಮಲ್ಲಿ ರೂಢಿ. ನಿಂದು ಯಾವ ಕುಲ?"

"ನಂದಾ?" ಕೆಂಚಪ್ಪ ಎದೆ ಉಬ್ಬಿಸಿದ. "ನಂದು ದೊಡ್ಡ ಕುಲ!"

"ಇರಬೇಕು, ಇರಬೇಕು. ಮುಖದಲ್ಲೇ ಕಾಣುತ್ತೆ. ಮನೆಯೂ ದೊಡ್ಡದೇ ಇರಬೇಕು?"

ಹೊಗಳಿದರೆ ಕೆಂಚಪ್ಪನಿಗೆ ಮೈಮೇಲೆ ಎಚ್ಚರ ಇರುತ್ತಿರಲಿಲ್ಲ. "ದೊಡ್ಡದಾ? ಗುಡ್ಡದ ಬುಡದಲ್ಲಿ ನನ್ನ ಬಿಲ ನೋಡಿಲ್ವಾ? ಮುಂದೊಂದು ಬಾಯಿ, ಹಿಂದೊಂದು ಬಾಯಿ. ಒಳಗೆ ಬೆಚ್ಚಗೆ ಮಲಗೋ ಕೋಣೆ. ಇದೇ ನನ್ನ ಕೈಯಾರೆ ತೋಡಿದ್ದು!"

ಮಡುವೆಲ್ಲ ಏಡಿಗಳ ಕಡೆ ತಿರುಗಿ ನೋಡಿತು.

ಕತ್ರಿಯಪ್ಪನ ಕಣ್ಣು ಎರಡೂ ಕಡ್ಡಿಯ ತುದಿಯಲ್ಲಿ ನೆಟ್ಟಗೆ ನಿಂತವು. "ಬಿಲ ಅಂದ್ಯಾ? ಕೈಯಾರೆ ತೋಡಿದ್ದು ಅಂದ್ಯಾ? ಅಯ್ಯೋ ನಮ್ಮಪ್ಪಾ! ನೀನು ನಮ್ಮೋನೇ ಕಣೋ! ಬಿಲದ ಕುಲ! ಗುರುತೇ ಸಿಗಲಿಲ್ಲವಲ್ಲೋ! ಬನ್ರೋ ಎಲ್ಲಾ, ಬನ್ರೇ ಎಲ್ಲಾ, ಕಳೆದುಹೋದ ದೊಡ್ಡಪ್ಪ ಸಿಕ್ಕಿದ!"

ಕಲ್ಲಿನ ಸಂದಿಯಿಂದ, ಕೆಸರಿನಿಂದ, ಬೇರಿನ ಬುಡದಿಂದ ಏಡಿಗಳು ಸರಸರ ಸರಸರ ಅಡ್ಡಡ್ಡ ಓಡಿಬಂದವು. ಒಂದು ಮೂಗನ್ನು ಅಪ್ಪಿಕೊಂಡಿತು. ಎರಡು ಕಿವಿಗೆ ಎರಡು ಓಲೆಯ ಹಾಗೆ ಜೋತುಬಿದ್ದವು. ಬಾಲದ ತುಂಬ ಏಡಿಗಳ ತೋರಣ!

"ಅಯ್ಯಯ್ಯೋ! ಬಿಡ್ರೋ! ನಾನು ನಿಮ್ಮೋನಲ್ಲ!"

"ಸಂಕೋಚ ಬೇಡ ದೊಡ್ಡಪ್ಪಾ! ಕೆಸರು ತಣ್ಣಗಿದೆ, ಊಟ ಮಾಡ್ಕೊಂಡೇ ಹೋಗ್ಬೇಕು!"

"ಬೇಡ! ಬೇಡ!"

"ನೋಡ್ರೋ, ಎಂಥ ಮರ್ಯಾದಸ್ಥ! ಬೇಡ ಅಂತಾನೆ! ಬಿಗಿ ಹಿಡೀರಿ!"

ಕೆಂಚಪ್ಪನ ಪೇಟ ಹಾರಿ ನೀರಿಗೆ ಬಿತ್ತು. ಅವನು ಬಂಡೆಯ ಮೇಲೆ ಗಿರಗಿರ ಸುತ್ತುತ್ತಾ ಕಿರುಚಿದ. "ಬಿಲ ಇದ್ದರೆ ಏಡಿ ಆಗಿಬಿಡ್ತೀನೇನ್ರೋ! ಮೈಮೇಲೆ ಕೂದಲಿದೆ, ಕಾಣಲ್ವಾ? ಕಾಲು ನಾಲ್ಕೇ ಇದೆ, ಎಣಿಸ್ಕೊಳ್ಳಿ! ನಾನು ತಾಯಿ ಹಾಲು ಕುಡಿದು ಬೆಳೆದೋನು! ಒಂದು ಗುರುತು ನೋಡಿ ಕುಲ ಕಟ್ತಾರೇನ್ರೋ, ದಡ್ಡರಾ!"

ಮೆತ್ತವ್ವ ಎಲ್ಲರ ಕಡೆ ತಿರುಗಿ, "ಕೇಳಿಸ್ಕೊಂಡ್ರಾ? ಒಂದು ಗುರುತು ಸಾಲದಂತೆ. ಹೇಳ್ತಿರೋದು ನಾನಲ್ಲಪ್ಪ, ಕುಲ ಬಿಡಿಸೋರು!" ಅಂದಳು.

ಮಡುವೆಲ್ಲ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಮೀನುಗಳು.

ಕೆಂಚಪ್ಪನಿಗೆ ಸಿಟ್ಟು ನೆತ್ತಿಗೇರಿತು. ಮೂಗಿನ ಮೇಲೆ ಏಡಿ ಇದ್ದ ಹಾಗೇ ಹಾರಿ ಮೆತ್ತವ್ವನ ಹಿಂಗಾಲಿಗೆ ಬಾಯಿ ಹಾಕಿದ. ಮೆತ್ತವ್ವ ಸರಕ್ಕನೆ ಕಾಲು ಒಳಗೆಳೆದುಕೊಂಡಳು. ಟಪ್! ಟಪ್! ಎರಡು ಕದವೂ ಮುಚ್ಚಿದವು. ನರಿಯ ಹಲ್ಲು ನುಣ್ಣನೆಯ ಬೆನ್ನಿನ ಮೇಲೆ ಜಾರಿ ಬಂಡೆಗೆ ಕಟ್ ಅಂತ ಬಡಿಯಿತು.

"ಅಹಹಾ, ಹಿಂಬಾಗಿಲು!" ಅಂತ ಒಂದು ದಪ್ಪ ದನಿ ಕೇಳಿತು.

ದಡದ ಮೇಲೆ ಬೆಳಗಿನಿಂದ ಮರದ ದಿಮ್ಮಿ ಅಂತ ಎಲ್ಲರೂ ತಿಳಿದಿದ್ದದ್ದು ಕಣ್ಣು ಬಿಟ್ಟಿತು. ಅದು ಮೊಸಳೆ ದೊಡ್ಡಜ್ಜಿ. ಬಿಸಿಲು ಕಾಯಿಸುತ್ತಾ, ಅರೆನಿದ್ದೆಯಲ್ಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಯಾರೋ ಅದು ನನ್ನ ಮೊಮ್ಮಗಳನ್ನ ಕುಲ ಇಲ್ಲದೋಳು ಅಂದಿದ್ದು?" ಅಂದಳು ದೊಡ್ಡಜ್ಜಿ. "ನೀರಿನಲ್ಲಿದ್ದರೂ ಮೂಗು ಮೇಲೆತ್ತಿ ಗಾಳಿ ಕುಡೀತಾಳೆ, ನನ್ನ ಹಾಗೆ. ಬಿಸಿಲು ಕಾಯಿಸ್ತಾಳೆ, ನನ್ನ ಹಾಗೆ. ಮೊಟ್ಟೆ ತಂದು ಮಣ್ಣಿನಲ್ಲಿ ಇಡ್ತಾಳೆ, ನನ್ನ ಹಾಗೆ. ಹಾವು, ಹಲ್ಲಿ, ಉಡ, ನಾನು, ಇವಳು, ಎಲ್ಲ ಒಂದೇ ದೊಡ್ಡ ಕುಲ. ಆ ಕುಲದೊಳಗೆ ಬೆನ್ನಿನ ಮೇಲೆ ಮನೆ ಹೊತ್ತೋರು ಆಮೆ ಬೆಡಗು, ಅಂದ್ರೆ ಕುಲದ ಒಂದು ಕವಲು. ಆ ಬೆಡಗಿನೊಳಗೆ ಮೆತ್ತನೆ ಬೆನ್ನಿನೋರದು ಒಂದು ಮನೆತನ. ಆ ಮನೆತನದೊಳಗೂ ಇವಳ ವಂಶಕ್ಕೆ ಹಿಂಬಾಗಿಲು ಇದೆ. ಒಂದೊಂದೇ ಬಾಗಿಲು ದಾಟ್ಕೊಂಡು ಒಳಗೆ ಬಂದರೆ ತಾನೇ ಮನೆಯೋರು ಸಿಗೋದು? ಬೀದಿಯಲ್ಲೇ ನಿಂತು ಇಂಥೋರು ಅಂತ ಕೂಗಿದರೆ ಆಯ್ತಾ?"

"ಇದನ್ನ ಬೆಳಿಗ್ಗೆಯೇ ಹೇಳಬಾರದಿತ್ತಾ ಅಜ್ಜೀ?" ಅಂದಳು ವಟರವ್ವ.

"ನನ್ನ ಯಾರಾದ್ರೂ ಕೇಳಿದ್ರೇನೇ?" ಅಂತ ದೊಡ್ಡಜ್ಜಿ ಆಕಳಿಸಿದಳು. ಆಕಳಿಸಿದ ಬಾಯನ್ನು ಮುಚ್ಚದೆಯೇ ಕೆಂಚಪ್ಪನ ಕಡೆ ತಿರುಗಿದಳು. "ಬಾಪ್ಪಾ, ನನ್ನ ಕುಲವನ್ನೂ ನೋಡು. ಹಲ್ಲು ಸುಳ್ಳು ಹೇಳಲ್ಲ. ಹತ್ತಿರ ಬಾ, ಒಳಗೆ ತಲೆ ಹಾಕಿ ನೋಡು."

ಕೆಂಚಪ್ಪ ಆ ಹಲ್ಲುಗಳನ್ನು ನೋಡಿದ್ದೇ ತಡ, ಕಾಲಿಗೆ ಬುದ್ಧಿ ಹೇಳಿದ. ಮುಳ್ಳು ನೋಡಲಿಲ್ಲ, ಕಲ್ಲು ನೋಡಲಿಲ್ಲ. ಬಾಲದ ತುದಿಯಲ್ಲಿ ಕತ್ರಿಯಪ್ಪ ಗಾಳಿಪಟದ ಹಾಗೆ ಹಾರುತ್ತಾ, "ದೊಡ್ಡಪ್ಪಾ, ನಿಲ್ಲೋ! ಊಟ ಬಿಟ್ಟು ಎದ್ದು ಹೋಗಬಾರದು ಕಣೋ!" ಅಂತ ಕೂಗುತ್ತಿದ್ದ.

ಅಂದಿನಿಂದ ಮಡುವಿನಲ್ಲಿ ಯಾರೂ ಯಾರನ್ನೂ ದಡಕ್ಕೆ ಕಳಿಸುವ ಮಾತೆತ್ತಲಿಲ್ಲ. ಮಿಂಚುಳ್ಳಿಗೂ ಮೀನುಗಳಿಗೂ ಕಟ್ಟಿದ ನೆಂಟಸ್ತಿಕೆಯೂ ಮುರಿದುಬಿತ್ತು.

ಆಮೇಲೆ ಒಂದು ಮಧ್ಯಾಹ್ನ ಗುಡುಗಿತು. ಹೊಂಗೆ ಎಲೆಗಳ ಮೇಲೆ ಪಟಪಟ ಹನಿ ಬಿತ್ತು. ದಡದ ಮಣ್ಣು ಅಲುಗಿತು, ಬಿರಿಯಿತು, ಒಂದು ಪುಟ್ಟ ಮೂಗು ಹೊರಗೆ ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು! ಗೋಲಿಯಷ್ಟು ಗೋಲಿಯಷ್ಟು ಮರಿಗಳು ಗುಡುಗುಡು ಅಂತ ಇಳಿಜಾರಿನಲ್ಲಿ ಉರುಳಿಕೊಂಡು ಬಂದು ನೀರಿಗೆ ಬಿದ್ದವು. ಅಮ್ಮನನ್ನು ನೋಡಿದ ಸಂಭ್ರಮಕ್ಕೆ ಪುಟಾಣಿ ಹಿಂಬಾಗಿಲುಗಳನ್ನು ಟಪ್ ಟಪ್ ಅಂತ ಮುಚ್ಚಿದವು, ತೆಗೆದವು, ಮತ್ತೆ ಮುಚ್ಚಿದವು. ಮೆತ್ತವ್ವ ನಕ್ಕಳು, ನಗುತ್ತಾ ನಗುತ್ತಾ ಅತ್ತಳು.

ಕೆಂಚಪ್ಪ ಏನಾದ ಅಂತೀರಾ? ಗುಡ್ಡದಾಚೆಗೆ ಹೋಗಿ ಒಂದು ಪೊದೆಯಲ್ಲಿ ಮಲಗುತ್ತಿದ್ದಾನಂತೆ. ಬಿಲ ಅನ್ನುವ ಮಾತು ಕಿವಿಗೆ ಬಿದ್ದರೆ ಬಾಲ ಮಡಚಿಕೊಳ್ಳುತ್ತಾನಂತೆ. ಏಡಿಗಳು ಮಾತ್ರ ಈಗಲೂ ಮಳೆ ಬಂದ ದಿನ ಒಂದಿಷ್ಟು ತಣ್ಣನೆ ಕೆಸರು ಹೊತ್ತುಕೊಂಡು, ಅಡ್ಡಡ್ಡ ನಡೆಯುತ್ತಾ, ಮುನಿಸಿಕೊಂಡ ದೊಡ್ಡಪ್ಪನನ್ನು ಹುಡುಕುತ್ತಿವೆ.

ನೀತಿ: ಒಂದೇ ಗುರುತು ನೋಡಿ ಯಾರನ್ನೂ ಇಂಥವರೆಂದು ತೀರ್ಮಾನಿಸಬಾರದು, ಇನ್ನೊಬ್ಬರನ್ನು ಹೊರಗೆ ಹಾಕಲು ಮಾಡಿದ ಕಟ್ಟಳೆ ಮಾಡಿದವನನ್ನೇ ಬಂದು ಹಿಡಿಯುತ್ತದೆ.