ಆರತಿ ಮಾತ್ರ ಬಾಕಿ

"ಬುದ್ಧಿ, ಹಿಡಿದ ಪೂಜೆಯನ್ನು ನಡುವೆ ಬಿಟ್ಟು ಎದ್ದರೆ ಅಲ್ಲಿಯತನಕ ಮಾಡಿದ್ದೆಲ್ಲ ವ್ಯರ್ಥವಾಗುತ್ತದೆಯೇ?"

ಗುರುಮಲ್ಲಪ್ಪ ಗುರುಗಳನ್ನು ಹೀಗೆ ಕೇಳಿದ್ದು ಮಠದ ಜಗಲಿಯಲ್ಲಿ ನಿಂತುಕೊಂಡೇ. ಕೂರುವಷ್ಟು ಸಮಾಧಾನ ಅವನಲ್ಲಿರಲಿಲ್ಲ. ಶ್ರಾವಣ ಮುಗಿಯುವವರೆಗೆ ಮಠ ಬಿಟ್ಟು ಕದಲುವುದಿಲ್ಲ, ಮೂರು ಹೊತ್ತೂ ಲಿಂಗಪೂಜೆಯಲ್ಲಿರುತ್ತೇನೆ ಎಂದು ಅವನು ಸಂಕಲ್ಪ ಮಾಡಿದ್ದ. ಶ್ರಾವಣ ಇನ್ನೂ ಅರ್ಧ ಉಳಿದಿತ್ತು. ಅಷ್ಟರಲ್ಲಿ ಅವನ ಭಾವಮೈದ ಮೋಟಾರ್ ಸೈಕಲ್ಲಿನಲ್ಲಿ ಬಂದಿಳಿದಿದ್ದ. ಗುರುಮಲ್ಲಪ್ಪನ ಮಗಳಿಗೆ ಹೊಟ್ಟೆನೋವು ಜೋರಾಗಿ ತಾಲ್ಲೂಕು ಆಸ್ಪತ್ರೆಗೆ ಸೇರಿಸಿದ್ದರು. ಮರುದಿನ ಬೆಳಿಗ್ಗೆ ಆಪರೇಷನ್.

"ಭಾವ, ಅವಳು ಯಾರ ಮಾತೂ ಕೇಳ್ತಿಲ್ಲ. ಅಪ್ಪ ಬಂದು ಕೈ ಹಿಡ್ಕೊಂಡ್ರೇ ಒಳಗೆ ಹೋಗೋದು ಅಂತ ಕೂತಿದಾಳೆ. ಈ ಹಠ ಯಾರಿಂದ ಬಂತು ಅಂತ ನಾನು ಬೇರೆ ಹೇಳಬೇಕಾ?" ಎಂದಿದ್ದ ಭಾವಮೈದ.

ಹೋಗಲು ಗುರುಮಲ್ಲಪ್ಪನ ಜೀವ ತುಡಿಯುತ್ತಿತ್ತು. ಆದರೆ ಸಂಕಲ್ಪ ಹಿಡಿದದ್ದೇ ಆ ಮಗಳ ಒಳಿತಿಗೆ. ಮುರಿದರೆ ಕೇಡು ಅವಳಿಗೇ ತಟ್ಟಿದರೆ? ಆ ಭಯ ಅವನ ಕಾಲು ಕಟ್ಟಿಹಾಕಿತ್ತು.

ಗುರುಗಳು ಒಳಗಿನ ದಾಸೋಹದ ಕಡೆ ನೋಡಿದರು. "ನಿನ್ನ ಭಾವಮೈದ ಪ್ರಸಾದಕ್ಕೆ ಕೂತನೇ?"

"ಈಗ ತಾನೇ ಕೂತ, ಬುದ್ಧಿ."

"ಹಾಗಾದರೆ ಒಂದು ಕತೆಗೆ ಹೊತ್ತಿದೆ. ಕೂರು."

ಒಬ್ಬ ವೈಮಾನಿಕನಿದ್ದ. ಸೇನೆಯ ಹೆಲಿಕಾಪ್ಟರ್ ಹಾರಿಸುತ್ತಿದ್ದ. ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಪೂಜೆಯಾಗದೆ ಬಾಯಿಗೆ ತುತ್ತಿಡುತ್ತಿರಲಿಲ್ಲ. ತಾಯಿ, ಹೆಂಡತಿ, ಪುಟ್ಟ ಮಗಳು ಅವನ ಜೊತೆಗೇ ಸೇನೆಯ ಮನೆಯಲ್ಲಿದ್ದರು. ಬೆಳಗಿನ ಪೂಜೆಗೆ ನಾಲ್ವರೂ ಸೇರುತ್ತಿದ್ದರು. ಅವನು ಚಿಕ್ಕವನಿದ್ದಾಗ ತಾಯಿಯೇ ಅವನ ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಕಲಿಸಿದ್ದಳು. ಕೈ ಸ್ವಲ್ಪ ಅಲುಗಿದರೂ ಗದರುತ್ತಿದ್ದಳು. "ಅಂಗೈ ಅಲ್ಲಾಡಿಸಬ್ಯಾಡ ಮಗ, ಶಿವ ಕೂತವ್ನೆ."

ಒಂದು ಮಳೆಗಾಲದ ಬೆಳಿಗ್ಗೆ ಅವನು ಪೂಜೆಗೆ ಕೂತಿದ್ದ. ವಿಭೂತಿ ಧರಿಸಿದ್ದಾಗಿತ್ತು. ಲಿಂಗಕ್ಕೆ ನೀರೆರೆದು ಪತ್ರೆ ಏರಿಸಿದ್ದಾಗಿತ್ತು. ಆಗ ಸೈರನ್ ಕೂಗಿತು. ಹೊಳೆ ದಂಡೆ ಮೀರಿ ಊರಿಗೆ ಊರೇ ನೀರಿನಲ್ಲಿ ನಿಂತಿದೆ, ಜನ ಮಾಳಿಗೆ ಹತ್ತಿದ್ದಾರೆ ಎಂಬ ಕರೆ.

ಅವನು ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟ. "ನಡಿ ತಂದೆ, ಇಬ್ಬರೂ ಹೋಗಿ ಬರೋಣ" ಎಂದು ಎದ್ದ.

ತಾಯಿ ಬಾಗಿಲಿಗೆ ಅಡ್ಡ ನಿಂತಳು. "ಅರ್ಧ ಪೂಜೆಗೆ ಎದ್ದು ಹೋಗ್ತೀಯೇನೋ? ಬಂದಮೇಲೆ ಸ್ನಾನ ಮಾಡಿ ಎಲ್ಲಾ ಮೊದಲಿಂದ ಮಾಡಬೇಕು, ನೆನಪಿರಲಿ."

"ಮಾಡ್ತೀನವ್ವ" ಎನ್ನುತ್ತಲೇ ಓಡಿದ. ಹೆಂಡತಿ ಅವನ ಆಸನ ಎತ್ತಲಿಲ್ಲ, ಹಚ್ಚಿದ ದೀಪಕ್ಕೆ ಎಣ್ಣೆ ಎರೆದಳು.

ಅಂದು ಆಕಾಶವೇ ನೀರಾಗಿತ್ತು. ಹೋದ, ಹಗ್ಗ ಬಿಟ್ಟು ಜನರನ್ನು ಎತ್ತಿಕೊಂಡ, ದಿಬ್ಬಕ್ಕೆ ತಂದಿಳಿಸಿದ, ಮತ್ತೆ ಹೋದ. ಬಸುರಿ ಹೆಂಗಸು ಬಂದಳು. ಆಡಿನ ಮರಿಯನ್ನು ಸೀರೆಯಲ್ಲಿ ಬಚ್ಚಿಟ್ಟುಕೊಂಡ ಮುದುಕಿ ಬಂದಳು. ಆಡನ್ನು ಕಂಡು ಬಾಯಿ ಮಾಡಿದವರಿಗೆ "ನನ್ನ ಬಿಟ್ಟು ಅದನ್ನ ಕರ್ಕೊಂಡೋಗಿ" ಎಂದಳು. ಎಲ್ಲರೂ ನಕ್ಕರು. ಎರಡನ್ನೂ ಕರೆದುಕೊಂಡು ಹೋದರು.

ಹಿಂದೆ ಹಗ್ಗ ನೋಡಿಕೊಳ್ಳುತ್ತಿದ್ದ ಜೊತೆಗಾರ ಬಿಸ್ಕತ್ತು ಚಾಚಿದ. ವೈಮಾನಿಕ ಒಂದು ಗುಟುಕು ನೀರು ಕುಡಿದು ತಲೆಯಾಡಿಸಿದ. "ಇನ್ನೂ ಪೂಜೆ ಆಗಿಲ್ಲ."

"ಸಾಹೇಬರೇ, ನಿಮ್ಮ ದೇವರು ನಿಮ್ಮ ಕತ್ತಿನಲ್ಲೇ ಇದ್ದಾನೆ. ನನ್ನವನು ಊರಲ್ಲೇ ಉಳಿದುಬಿಟ್ಟ. ನನ್ನ ಪರವಾಗಿಯೂ ಒಂದು ಮಾತು ಹಾಕಿ!"

ಕೊನೆಯ ಸಲ ಹೊರಟಾಗ ಬೆಳಕು ಇಳಿಯುತ್ತಿತ್ತು. ಆಲದ ಮರದ ಕೊಂಬೆಯಲ್ಲಿ ಒಬ್ಬ ಮುದುಕ ಕೂತಿದ್ದ. ಮೊಮ್ಮಗಳನ್ನು ಪಂಚೆಯಿಂದ ಬೆನ್ನಿಗೆ ಬಿಗಿದುಕೊಂಡಿದ್ದ. ಮರದ ಪಕ್ಕದಲ್ಲೇ ಕರೆಂಟಿನ ತಂತಿ. ಯಂತ್ರ ಸ್ವಲ್ಪ ಕೆಳಗಿಳಿದರೆ ತಂತಿ ತಾಗುತ್ತದೆ. ಸ್ವಲ್ಪ ಮೇಲೇರಿದರೆ ಹಗ್ಗ ಮುದುಕನ ಕೈಗೆ ಎಟಕುವುದಿಲ್ಲ. ಗಾಳಿ ಬೇರೆ ಅತ್ತಿತ್ತ ನೂಕುತ್ತಿತ್ತು. ಎಣ್ಣೆ ತೀರುತ್ತಿತ್ತು.

ಹೆಲಿಕಾಪ್ಟರನ್ನು ಮೇಲೆತ್ತುವ, ಕೆಳಗಿಳಿಸುವ ಹಿಡಿ ಹಾರಿಸುವವನ ಎಡಗೈಯಲ್ಲಿರುತ್ತದೆ, ಗುರುಮಲ್ಲಪ್ಪ. ಲಿಂಗ ಹಿಡಿಯುವ ಕೈಯೂ ಅದೇ.

ಜೊತೆಗಾರ ಹಗ್ಗ ಬಿಟ್ಟ. ಮುದುಕ ಕೈ ಚಾಚಿದ. ತಪ್ಪಿತು. ಮತ್ತೆ ಬಿಟ್ಟ. ಮತ್ತೆ ತಪ್ಪಿತು. ಮಗು ಚೀರುತ್ತಿತ್ತು. ಕೊಂಬೆ ಲಟಕ್ಕೆಂದಿತು. ಬೆವರು ವೈಮಾನಿಕನ ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಅವನಿಗೆ ಕೈಯಿರಲಿಲ್ಲ. ಆಗ ಅಷ್ಟು ಸದ್ದಿನ ನಡುವೆಯೂ ತಾಯಿಯ ದನಿ ಕೇಳಿಸಿತು. ಅಂಗೈ ಅಲ್ಲಾಡಿಸಬ್ಯಾಡ ಮಗ, ಶಿವ ಕೂತವ್ನೆ.

ಕೈ ನಿಂತಿತು. ದೃಷ್ಟಿ ನಿಂತಿತು. ಬಿರುಗಾಳಿಯಲ್ಲಿ ಆ ಯಂತ್ರ ಹೊಸ್ತಿಲ ದೀಪದ ಹಾಗೆ ನಿಂತಿತು. ಹಗ್ಗ ಮುದುಕನ ಕೈಗೆ ಸಿಕ್ಕಿತು. ಅವನು ಅದರ ತುದಿಯ ಪಟ್ಟಿಯನ್ನು ಸೊಂಟಕ್ಕೆ ಬಿಗಿದುಕೊಂಡ ಮರುಗಳಿಗೆಯೇ ಕೊಂಬೆ ಮುರಿದು ನೀರಿಗೆ ಬಿತ್ತು. ಅಜ್ಜ, ಮೊಮ್ಮಗಳು ಗಾಳಿಯಲ್ಲಿ ತೂಗುತ್ತ ಮೇಲೆ ಬಂದರು. "ಬಂದ್ರು ಸಾಹೇಬರೇ, ಬಂದ್ರು!" ಎಂದು ಜೊತೆಗಾರ ಕೂಗಿದ ಕೂಗಿಗೆ ಅಳುತ್ತಿದ್ದ ಮಗು ಬೆಚ್ಚಿ ಅಳು ನಿಲ್ಲಿಸಿತು.

ವೈಮಾನಿಕ ಮನೆಗೆ ಬಂದ. ಮೈಯೆಲ್ಲ ಒದ್ದೆ. ಆಸನ ಹಾಗೇ ಇತ್ತು, ದೀಪ ಉರಿಯುತ್ತಿತ್ತು. ಮಗಳು ಓಡಿ ಬಂದು ಕಾಲು ತಬ್ಬಿದಳು. ತಾಯಿ ಸ್ನಾನಕ್ಕೆ ನೀರು ಕಾಯಿಸಿಟ್ಟಿದ್ದಳು. "ಹೋಗು, ಎಲ್ಲಾ ಮೊದಲಿಂದ ಮಾಡು" ಎಂದಳು.

ಅವನು ಅಂಗೈಗೆ ಲಿಂಗ ತೆಗೆದುಕೊಂಡ. ಬೆಳಿಗ್ಗೆ ಏರಿಸಿದ ಪತ್ರೆಯ ಒಂದು ಎಸಳು ಇನ್ನೂ ಅಂಟಿಕೊಂಡಿತ್ತು. ಅದನ್ನು ನೋಡಿ ಅವನ ಮುಖ ಅರಳಿತು. "ಮೊದಲಿಂದ ಬೇಡವ್ವ. ಪೂಜೆ ಬಿಟ್ಟೇ ಇಲ್ಲ. ಆರತಿ ಮಾತ್ರ ಬಾಕಿ."

ತಾಯಿ ಗೊಣಗಿದಳು. ಸೊಸೆ ಆರತಿ ಹಚ್ಚಿಕೊಟ್ಟಳು. ಆಮೇಲೆ ಅವನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಂಡ. ಆಡಿನ ಮರಿಯ ಕತೆ ಹೇಳಿಸಿಕೊಂಡು ಮಗು ಬಿದ್ದು ಬಿದ್ದು ನಕ್ಕಿತು.

ಹೀಗೆ ವರ್ಷಗಳು ನಡೆದವು. ಒಂದು ದಿನ ಹಿಮದ ಬೆಟ್ಟದಲ್ಲಿ ಗಾಯಗೊಂಡ ಇಬ್ಬರು ಸೈನಿಕರನ್ನು ಕರೆತರಲು ಕರೆ ಬಂತು. ಅಂದೂ ಪೂಜೆ ನಡುವಿತ್ತು. ಅಂದೂ "ನಡಿ ತಂದೆ" ಎಂದು ಎದ್ದ. ಒಬ್ಬನನ್ನು ಕೆಳಗೆ ತಂದು ಮುಟ್ಟಿಸಿದ. ಉಳಿದ ಇನ್ನೊಬ್ಬನಿಗಾಗಿ ಮತ್ತೆ ಮೇಲೇರಿದ. ಬೆಟ್ಟಕ್ಕೆ ಮಂಜು ಕವಿಯಿತು.

ಬಾವುಟ ಹೊದ್ದು ಮನೆಗೆ ಬಂದ. ಹೆಂಡತಿ ಆಸನ ಎತ್ತಿರಲಿಲ್ಲ, ದೀಪ ಆರಲು ಬಿಟ್ಟಿರಲಿಲ್ಲ. ಅವನನ್ನು ಆ ಆಸನದ ಮೇಲೆ ಕೂರಿಸಿ ಎಡ ಅಂಗೈಯಲ್ಲಿ ಲಿಂಗವಿಟ್ಟರು. ಕ್ರಿಯೆಗೆ ಬಂದ ಅಯ್ಯನವರು ನೀರಿನ ತಂಬಿಗೆ ಎತ್ತಿಕೊಂಡು, ಮೊದಲಿಂದ ಪೂಜೆ ಆರಂಭಿಸೋಣ ಎಂದರು. ತಾಯಿ ಅವರ ಕೈ ತಡೆದಳು. ಅವಳ ಅಂಗೈ ಅಲುಗಲಿಲ್ಲ.

"ಮೊದಲಿಂದ ಬ್ಯಾಡ ಅಯ್ನೋರೇ. ನನ್ನ ಮಗ ಪೂಜೆ ಮುಗಿಸ್ಕೊಂಡೇ ಬಂದವ್ನೆ. ಆರತಿ ಮಾತ್ರ ಬಾಕಿ."

ಆರತಿಯನ್ನು ಅವಳೇ ಎತ್ತಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಗುರುಮಲ್ಲಪ್ಪ ತನ್ನ ಎಡ ಅಂಗೈಯನ್ನೇ ನೋಡುತ್ತ ಕೂತಿದ್ದ. ಹೊರಗೆ ಭಾವಮೈದ ಮೋಟಾರ್ ಸೈಕಲ್ ಶುರು ಮಾಡಿದ ಸದ್ದು ಕೇಳಿಸಿತು. "ಆದರೆ ಬುದ್ಧಿ, ನನ್ನ ಸಂಕಲ್ಪ..." ಎಂದು ಅವನು ಬಾಯಿ ತೆರೆದ.

ಗುರುಗಳು ಎದ್ದು ಒಳಗೆ ಹೋದರು. ಗುರುಮಲ್ಲಪ್ಪನ ಖಾಲಿ ಆಸನದ ಪಕ್ಕದಲ್ಲಿ ಕೂತರು. ಅವನ ದೀಪಕ್ಕೆ ಎಣ್ಣೆ ಎರೆದು, ತಲೆಯೆತ್ತದೆ ಹೇಳಿದರು:

"ಆಸನ ನಾನು ಕಾಯುತ್ತೇನೆ, ನೀನು ಪೂಜೆಗೆ ಹೊರಡು."