ಪಲ್ಲಕ್ಕಿಯನ್ನು ಟೀಕಿಸಿದವನ ಹೆಸರು

ಮಠದ ಗ್ರಂಥಾಲಯದ ಗುಮಾಸ್ತ ಮರಿಬಸಪ್ಪನನ್ನು ಸ್ವಾಮಿಗಳು ಕರೆಸಿದರು.

"ನಿನ್ನೆ ಸಭೆಯಲ್ಲಿ ಯಾರೋ ಒಂದು ಹಳೇ ಲೇಖನದ ಸಾಲು ಓದಿದರು. ಪಲ್ಲಕ್ಕಿ ಏರಿದ ಗುರುವಿಗೆ ಹೊತ್ತವರ ಹೆಗಲು ಕಾಣುವುದಿಲ್ಲ ಅಂತ. ಬರೆದವನು ಯಾರು, ಈಗ ಎಲ್ಲಿದ್ದಾನೆ, ಸಂಜೆಯೊಳಗೆ ಹುಡುಕು. ಅವನಿಂದ ಕ್ಷಮೆ ಕೇಳಿಸಬೇಕು. ಆಗದಿದ್ದರೆ ನಾಳೆಯಿಂದ ನೀನು ಬರಬೇಡ."

ಧರ್ಮಾಧ್ಯಯನದ ಲೇಖನಗಳೆಲ್ಲ ಕಂಪ್ಯೂಟರಿನಲ್ಲಿದ್ದವು. ಮರಿಬಸಪ್ಪ ಆ ಸಾಲು ಹಾಕಿದ. ನಲವತ್ತು ವರ್ಷದ ಹಿಂದಿನ ಒಬ್ಬ ವಿದ್ಯಾರ್ಥಿಯ ಹೆಸರು ಬಂತು. ಆ ಹೆಸರು ಹಾಕಿ ಮತ್ತೆ ಹುಡುಕಿದ. ಸನ್ಯಾಸದ ನಂತರದ ಹೆಸರು ಎಂದು ಪರದೆ ತೋರಿಸಿದ್ದು ತನ್ನ ಸ್ವಾಮಿಗಳ ಹೆಸರನ್ನೇ. ಹೇಳಿದರೂ ಕೆಲಸ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ.

ಸಂಜೆ ಸ್ವಾಮಿಗಳ ಮುಂದೆ ಹೋಗಿ ನಿಂತ.

"ಹೆಸರು ಸಿಕ್ಕಿತೇನು?"

"ಸಿಕ್ಕಿತು ಬುದ್ಧಿ. ಆದರೆ ಹೇಳುವ ಹಾಗಿಲ್ಲ."

"ಯಾಕೆ?"

"ಸನ್ಯಾಸಿಗಳ ಪೂರ್ವಾಶ್ರಮದ ಹೆಸರನ್ನು ಮಠದೊಳಗೆ ಎತ್ತಬಾರದು ಅಂತ ತಮ್ಮದೇ ಅಪ್ಪಣೆ."

ಸ್ವಾಮಿಗಳು ದನಿ ತಗ್ಗಿಸಿ, "ಬರೆದ ಹುಡುಗ ಒಳ್ಳೆಯವನೇ ಇರಬೇಕು, ಬಿಡು" ಎಂದರು.

"ಆಗ ಒಳ್ಳೆಯವರೇ ಇದ್ದರು ಬುದ್ಧಿ" ಎಂದು ಮರಿಬಸಪ್ಪ ಕೈಮುಗಿದ.